ಅಡುಗೆಮನೆಯ ಗುಸುಗುಸು

ತೊಡೆಯ ಎಲುಬಿಗೆ ಸೋಂಕು ತಗುಲಿ ಎರಡು ವರ್ಷ ಕೀವು ಸೋರಿದ್ದು ನಿಜ. ಆದರೆ ಗಾಯ ಮಾಯ್ದು ಮೂರು ತಿಂಗಳಾಗಿ, ಇನ್ನು ನಡೆಯಿರಿ ಎಂದು ಡಾಕ್ಟರು ಹೇಳಿದ್ದರೂ ಚನಮಲ್ಲಪ್ಪನವರು ಮಂಚವೆಂಬ ಸಿಂಹಾಸನದಿಂದ ಇಳಿದಿರಲಿಲ್ಲ. ನೀರು, ಪೇಪರು, ಎಲೆಅಡಿಕೆ ಎಂದು ಅಲ್ಲಿಂದಲೇ ಹೆಂಡತಿಯನ್ನು ಕುಣಿಸುತ್ತಿದ್ದರು.

ವ್ಯಾಯಾಮ ಮಾಡಿಸಲು ದಿನಾ ಬರುವ ಫಿಸಿಯೋಥೆರಪಿ ಹುಡುಗಿ ಅಂದೂ ಗೋಗರೆದಳು: "ಒಂದ ಹೆಜ್ಜಿ ಇಡ್ರಿ, ಕಾಕಾ."

"ಎಲುಬು ಹಿಟ್ಟಾಗೇತಿ, ತಂಗಿ. ಜೀವಾ ಹೋದ್ರೂ ಎದ್ದು ನಿಲ್ಲಾಕ ಆಗೂದಿಲ್ಲ."

ಹುಡುಗಿ ವಾಕರನ್ನು ಮಂಚದ ಪಕ್ಕ ಬಿಟ್ಟು, ಚಹಾ ಕುಡಿಯಲು ಅಡುಗೆಮನೆಗೆ ಹೋದಳು. ಬಾಗಿಲು ಮುಚ್ಚಿತು. ಒಳಗಿನಿಂದ ಹೆಂಡತಿಯ ದನಿ ಕೇಳಿಸಿತು: "ನಮ್ಮ ಮನಿಯವ್ರದೊಂದು ಸುದ್ದಿ ಹೇಳ್ತೀನಿ, ಯಾರ ಮುಂದೂ ಬಾಯಿ ಬಿಡಬ್ಯಾಡವಾ." ಆಮೇಲೆ ಬರೀ ಗುಸುಗುಸು. ನಡುವೆ ಕಿಸಕ್ಕೆಂದು ಒಂದು ನಗು.

ಚನಮಲ್ಲಪ್ಪನವರ ಕಿವಿ ನೆಟ್ಟಗಾಯಿತು. ತಮ್ಮದೇ ಮನೆಯಲ್ಲಿ ತಮಗೇ ಗೊತ್ತಿಲ್ಲದ ತಮ್ಮ ಸುದ್ದಿ! ವಾಕರ್ ಹಿಡಿದು ಎದ್ದರು. ಹಲ್ಲು ಕಚ್ಚಿಕೊಂಡು, ಟಕ್ ಟಕ್ ಎಂದು ಊರುತ್ತ ಹೋಗಿ, ಬಾಗಿಲಿಗೆ ಕಿವಿ ಹಚ್ಚಿದರು.

"ಹನ್ನೆರಡು ಹೆಜ್ಜಿ ಆದವ್ರಿ, ಕಾಕೂ," ಎನ್ನುತ್ತಿದ್ದಳು ಹುಡುಗಿ. "ನಾಳೆ ಹಿತ್ತಲದಾಗ ನಿಂತು ಗುಸುಗುಸು ಮಾಡೂಣು."