ಕೊನೆಯ ಹತ್ತು ನಿಮಿಷ

ಪರದೆಯ ಮೇಲೆ ಗುಂಡು ಹಾರಿತು. ಬೆಂಚಿನ ಸಾಲುಗಳಲ್ಲಿ ಶಿಳ್ಳೆ ಎದ್ದಿತು. ಚಿತ್ರಲಿಂಗಪ್ಪ ಮಾತ್ರ ಕಂಬಳಿ ಹೊದ್ದು, ಕಣ್ಣು ಮುಚ್ಚಿ ಕೂತಿದ್ದ. ಅವನ ಹಿಂದೆ ಮಫ್ತಿಯಲ್ಲಿ ಕೂತಿದ್ದ ಪೊಲೀಸ್ ಪೇದೆ ದಾಸಣ್ಣನಿಗೆ ಇದು ಐದನೆಯ ಮ್ಯಾಟಿನಿ.

ಹಿರಿಯೂರಿಗೆ ಆ ಹಳೆಯ ಹಿಂದಿ ಚಿತ್ರ ಎರಡನೆಯ ಸಲ ಬಂದಿತ್ತು. ಬೊಂಬಾಯಿಯ ಪಾತಕಿಯೊಬ್ಬನ ಕಥೆ. ಆ ಪಾತ್ರ ಮಾಡಿದ ನಟ ಇಡೀ ಚಿತ್ರದಲ್ಲಿ ಒಮ್ಮೆಯೂ ದನಿ ಎತ್ತುತ್ತಿರಲಿಲ್ಲ. ಸಿಗರೇಟಿನ ಬೂದಿ ಕೊಡವಿದಷ್ಟು ಹಗುರವಾಗಿ ಆಳುಗಳಿಗೆ ಸನ್ನೆ ಮಾಡುತ್ತಿದ್ದ, ಹೆಣ ಬೀಳುತ್ತಿತ್ತು. ಪೇಟೆಯ ಪಡ್ಡೆಗಳೆಲ್ಲ ಕಾಲರ್ ಎತ್ತಿಕೊಂಡು ಅವನಂತೆ ಓರೆನಗೆ ನಗುವುದನ್ನು ಕಲಿತಿದ್ದರು. ಆದರೆ ಯಲ್ಲದಕೆರೆಯಿಂದ ದಿನಾ ಬರುವ ಈ ಐವತ್ತು ದಾಟಿದ ಕುರಿಗಾಹಿಗೆ ಇಲ್ಲೇನು ಕೆಲಸ?

ಅದನ್ನೇ ಗೋವಿಂದಪ್ಪ ಸ್ಟೇಷನ್ನಿಗೆ ಬಂದು ಕೇಳಿದ್ದ. ಅವನೂ ಯಲ್ಲದಕೆರೆಯವನೇ. ಕೆರೆಯಂಗಳದಲ್ಲಿ ಕುರಿ ಮೇಯಿಸುವ ವಿಷಯಕ್ಕೆ ಇಬ್ಬರೂ ಕೈಕೈ ಮಿಲಾಯಿಸಿದ್ದರು.

"ನನ್ನ ಮುಗಿಸ್ತಾನೆ ಸ್ವಾಮಿ. ಅವ್ನ ಹೆಂಡ್ತಿ ತೀರ್ಕಂಡು ಮೂರು ವರ್ಷ ಆತು. ಒಬ್ಬನೇ ಮಗ ಹುಬ್ಳಿ ಕಡೆ ಲಾರಿಯಾಗೆ ಕೆಲ್ಸಕ್ಕೆ ಅವ್ನೆ, ಊರ ಕಡೆ ತಲೆ ಹಾಕಲ್ಲ. ಕುರಿನೆಲ್ಲ ಜವನಗೊಂಡನಹಳ್ಳಿ ತಂಗಿ ಮನೆಗೆ ಹೊಡ್ದು ಬಂದವ್ನೆ. ಹಿಂದಿಲ್ಲ ಮುಂದಿಲ್ಲದೋನು ಸುಮ್ನೆ ಇಂಥ ಪಿಚ್ಚರ್ ನೋಡ್ತಾನೇನ್ರಿ?"

ದಾಸಣ್ಣ ಹೊಳಲ್ಕೆರೆಯಿಂದ ವರ್ಗವಾಗಿ ಬಂದು ತಿಂಗಳಾಗಿತ್ತಷ್ಟೆ. ಮುಖ ಪರಿಚಯ ಯಾರಿಗೂ ಇರಲಿಲ್ಲ. ಸಬ್ ಇನ್‌ಸ್ಪೆಕ್ಟರ್ ಅವನನ್ನೇ ಬೆನ್ನಿಗೆ ಹಚ್ಚಿದರು.

ಐದು ದಿನದಲ್ಲಿ ದಾಸಣ್ಣ ಒಂದು ವಿಚಿತ್ರ ಗಮನಿಸಿದ್ದ. ಹೊಡೆದಾಟ, ಕೊಲೆ, ಕುಣಿತ ಯಾವುದನ್ನೂ ಮುದುಕ ನೋಡುತ್ತಿರಲಿಲ್ಲ. ಕೊನೆಯ ಹತ್ತು ನಿಮಿಷಕ್ಕೆ ಮಾತ್ರ ಕಂಬಳಿ ಸರಿಸಿ ಮುಂದಕ್ಕೆ ಬಾಗುತ್ತಿದ್ದ. ಆಗ ಪಾತಕಿಯನ್ನು ಗಲ್ಲಿಗೆ ಒಯ್ಯುತ್ತಿದ್ದರು. ಕೈ ಬೆನ್ನ ಹಿಂದೆ ಕಟ್ಟಿದೆ. ಉದ್ದನೆಯ ಓಣಿ. ಆತ ಮದುವೆ ಮನೆಗೆ ಹೊರಟವನಂತೆ ಎದೆ ಸೆಟೆಸಿ ನಡೆಯುತ್ತಾನೆ. ಅಳುತ್ತಿರುವ ಜೈಲು ಪೇದೆಯ ಮುಂದೆ ಒಂದು ಗಳಿಗೆ ನಿಂತು ಏನೋ ಹೇಳಿ ನಗುತ್ತಾನೆ.

ಅಂದು ಚಿತ್ರಲಿಂಗಪ್ಪ ತಟ್ಟನೆ ಹಿಂದಕ್ಕೆ ತಿರುಗಿದ.

"ಸ್ವಾಮಿ, ನನಗೆ ಹಿಂದಿ ಬರಲ್ಲ. ಏನಂದ ಆತ?"

"ಟೋಪಿ ಸೊಟ್ಟಗೈತೆ, ಸರಿ ಮಾಡ್ಕ ಅಂದ." ದಾಸಣ್ಣ ಸಿಕ್ಕ ಅವಕಾಶ ಬಿಡಲಿಲ್ಲ. "ದಿನಾ ಬರ್ತೀಯಲ್ಲ, ಬೇಜಾರಾಗಲ್ವಾ?"

"ಇನ್ನೂ ಕೈವಶ ಆಗಿಲ್ರಿ." ಮುದುಕ ಮತ್ತೆ ಪರದೆಗೆ ಕಣ್ಣು ನೆಟ್ಟ. "ಹಂಗೆ ಹೋಗಾಕೆ ನಿಜವಾಗ್ಲೂ ಆಗ್ತೈತೇನ್ರಿ?"

"ಅದು ಆಕ್ಟಿಂಗ್ ಕಣಪ್ಪ."

"ಗೊತ್ತೈತ್ರಿ. ಆಕ್ಟಿಂಗ್ ಆದ್ರೂ ಸಾಕು."

ಟಾಕೀಸು ಬಿಟ್ಟ ಮೇಲೆ ದಾಸಣ್ಣ ಅವನನ್ನು ಹಿಂಬಾಲಿಸಿದ. ಬೇಸಿಗೆಗೆ ಬತ್ತಿದ ವೇದಾವತಿಯ ಮರಳಿಗಿಳಿದು ಮುದುಕ ಕೈಗಳನ್ನು ಬೆನ್ನ ಹಿಂದೆ ಹೆಣೆದುಕೊಂಡ. ಗದ್ದ ಎತ್ತಿ ನಡೆಯತೊಡಗಿದ. ಏಳೆಂಟು ಹೆಜ್ಜೆಗೇ ಮೊಣಕಾಲು ನಡುಗಿದವು. ಹಿಂದಿರುಗಿ ಮತ್ತೆ ನಡೆದ. ಮೂರನೆಯ ಸಲ ಮರಳಿನಲ್ಲಿ ಕುಸಿದು ಕೂತು, ಮುಖಕ್ಕೆ ಕಂಬಳಿ ಒತ್ತಿಕೊಂಡ.

"ಗಲ್ಲಿಗೇರೋಕೇ ತಯಾರಾಗ್ತಿದಾನೆ ಸಾರ್. ಅಂಥೋನು ಕೊಲೆಗೆ ಹೆದರ್ತಾನಾ?" ಎಂದು ದಾಸಣ್ಣ ವರದಿ ಒಪ್ಪಿಸಿದ. ಗೋವಿಂದಪ್ಪ ಹೆಂಡತಿ ಮಲ್ಲಕ್ಕನನ್ನೂ ಮಕ್ಕಳನ್ನೂ ಕರೆದುಕೊಂಡು ಬಬ್ಬೂರಿನ ಮಾವನ ಮನೆ ಸೇರಿದ.

ಮಂಗಳವಾರ ಚಿತ್ರಲಿಂಗಪ್ಪ ಟಾಕೀಸಿಗೆ ಬರಲಿಲ್ಲ. ದಾಸಣ್ಣ ಓಡಿದ. ಬಸ್ ಸ್ಟ್ಯಾಂಡಿನಲ್ಲಿ ಮುದುಕ ಸಿಕ್ಕ. ಕ್ಷೌರ ಮಾಡಿಸಿಕೊಂಡಿದ್ದ, ಒಗೆದ ಅಂಗಿ ತೊಟ್ಟಿದ್ದ. ಕಂಕುಳಲ್ಲಿ ಗಂಟು. ಬಬ್ಬೂರಿಗೇ ಹೊರಟಿದ್ದಾನೆಂದು ದಾಸಣ್ಣನಿಗೆ ಖಾತ್ರಿಯಾಯಿತು.

"ಪೊಲೀಸು. ಗಂಟು ಬಿಚ್ಚು!"

ಚಿತ್ರಲಿಂಗಪ್ಪ ಬೆದರಲಿಲ್ಲ. ಅವನನ್ನು ಗುರುತು ಹಿಡಿದು, "ಓ, ನೀವಾ? ಟೋಪಿ ಮಾತು ಹೇಳ್ಕೊಟ್ಟೋರು," ಎಂದ. ಗಂಟನ್ನು ತಾನೇ ಮುಂದೆ ಚಾಚಿದ. "ಬಿರಬಿರನೆ ನೋಡ್ರಿ ಸ್ವಾಮಿ, ಹುಬ್ಳಿ ಬಸ್ ತಪ್ಪಿದ್ರೆ ನಾನು ಹೊತ್ತಿಗೆ ಮುಟ್ಟಲ್ಲ."

ದಾಸಣ್ಣ ಮಚ್ಚಿಗಾಗಿ ತಡಕಾಡಿದ. ಸಜ್ಜೆ ರೊಟ್ಟಿ ನಾಲ್ಕು, ಶೇಂಗಾ ಚಟ್ನಿ, ಮಡಿಸಿ ಮಡಿಸಿ ಹರಿದ ಒಂದು ಕಾಗದ. ಬಿಡಿಸಿದ. ಸರ್ಕಾರದ ಮೊಹರಿನ ಕೆಳಗೆ ಪೆನ್ಸಿಲಿನ ಸೊಟ್ಟ ಅಕ್ಷರಗಳು. ಬಸ್ಸು ಹಾರನ್ ಹೊಡೆಯುತ್ತಿತ್ತು. ಅವನು ಓದಿದ.

"ಅಪ್ಪಾ, ಗುರುವಾರ ಬೆಳಿಗ್ಗೆ ನನ್ನ ಗಲ್ಲಿಗೆ ಹಾಕ್ತಾರಂತೆ, ಅಲ್ಲೀತಂಕ ನಡಿಯಾಕೆ ನನ್ನ ಕಾಲು ಬರವಲ್ವು, ಹೆಂಗೆ ನಡೀಬೇಕು ಅಂತ ನೀನಾದ್ರೂ ಬಂದು ಹೇಳ್ಕೊಡು."