ಬಾಗಿಲ ಎಡಗಡೆಯವನು

ಬಾಗಿಲು ಸರಿ ಮಾಡಿದ ತಪ್ಪಿಗೆ ಬಡಗಿಯ ಕೆಲಸ ಹೋಗುವುದರಲ್ಲಿತ್ತು. ದೊಡ್ಡಮನೆಯ ಮುಂಬಾಗಿಲು ಜಗ್ಗಿಹೋಗಿ, ತೆಗೆದಾಗಲೆಲ್ಲ ನೆಲಕ್ಕೆ ಉಜ್ಜಿ ಕಿರುಗುಟ್ಟುತ್ತಿತ್ತು. ಒಳಗೆ ಅತಿಥಿಗಳು ಟೀ ಕುಡಿಯುತ್ತ ಕೂತಿದ್ದಾಗ ಅವನು ಬಿಳಿ ಕೈಗವಸು ಬಿಚ್ಚಿಟ್ಟು, ಬಾಗಿಲಡಿಗೆ ಬೆಣೆ ಕೊಟ್ಟು ಎತ್ತಿ, ಮಂಡಿಯೂರಿ ಬಿಜಾಗರಿಯ ಸ್ಕ್ರೂ ಬಿಗಿ ಮಾಡುತ್ತಿದ್ದ. ಕೆಲಸ ಮುಗಿಯಿತು ಅನ್ನುವಷ್ಟರಲ್ಲಿ ಅತಿಥಿಗಳು ಹೊರಟೇಬಿಟ್ಟರು. ಎದುರುಮನೆಯ ಒಡತಿ ಅವನ ಪಕ್ಕದಲ್ಲೇ ದಾಟುತ್ತ, "ಪರವಾಗಿಲ್ವೇ, ಎಲ್ಲಾ ಕೆಲಸಾನೂ ಒಬ್ಬನ ಕೈಲೇ ಮಾಡಿಸ್ಕೋತೀರಲ್ಲ" ಎಂದು ಮೆಚ್ಚಿಕೊಂಡವಳ ಹಾಗೆ ಹೇಳಿ ಹೋದಳು. ದೊಡ್ಡಮನೆಯ ಒಡತಿಯ ಮುಖ ಸುಟ್ಟ ಬದನೆಕಾಯಿಯಾಯಿತು.

ಆ ಮನೆಯಲ್ಲಿ ಬಾಗಿಲು ತೆಗೆಯುವವನು ಬೇರೆಯೇ ಇದ್ದ. ಅವನು ಬಲಗಡೆ ನಿಲ್ಲುತ್ತಿದ್ದ. ಎಡಗಡೆ ನಿಲ್ಲುವುದು ಬಡಗಿಯ ಕೆಲಸ. ನಿಲ್ಲುವುದು, ಅಷ್ಟೇ. ಎದುರುಮನೆಯವರು ಬಾಗಿಲಿಗೆ ಒಬ್ಬ ಆಳನ್ನು ಇಟ್ಟಿದ್ದರು, ಅದಕ್ಕೇ ಇಲ್ಲಿ ಇಬ್ಬರು ಬೇಕಾಗಿದ್ದರು. ಅಂಗಡಿಗಳಿಗೆ ರೆಡಿಮೇಡ್ ಮೇಜು ಕುರ್ಚಿ ಬಂದು ಬಡಗಿಯ ಕೈಕೆಲಸ ಮೂಲೆಗೆ ಬಿದ್ದಿದ್ದ ಕಾಲ ಅದು. ಅವನ ಎತ್ತರ ಮತ್ತು ಮೀಸೆ ನೋಡಿಯೇ ಒಡತಿ ಸೇರಿಸಿಕೊಂಡಿದ್ದಳು. ಆ ಎರಡನ್ನೂ ಅವನು ದುಡಿದು ಸಂಪಾದಿಸಿದ್ದಲ್ಲ, ಆದರೂ ಸಂಬಳ ಬರುತ್ತಿದ್ದುದು ಅವಕ್ಕೇ.

ಒಡತಿ ಕೆಟ್ಟವಳೇನಲ್ಲ. ಕೂಗಾಡಲಿಲ್ಲ. ಒಳಗೆ ಕರೆಸಿ, ಸಮಾಧಾನವಾಗಿಯೇ ತಿಳಿಸಿಹೇಳಿದಳು. ಬಡಗಿ ಬೇಕೆಂದರೆ ಒಂದು ಫೋನಿಗೆ ದೊಡ್ಡ ಅಂಗಡಿಯಿಂದ ಕಾರಿನಲ್ಲಿ ಬರುತ್ತಾನೆ. ನಾಳೆ ಬಂದೂ ಬರುತ್ತಾನೆ, ಎದುರುಮನೆಯವರು ಬಾಲ್ಕನಿಯಲ್ಲಿ ಕೂತಿರುವ ಹೊತ್ತಿಗೇ ಬಂದು ಬಾಗಿಲು ರಿಪೇರಿ ಮಾಡುತ್ತಾನೆ ಎಂದಳು. ಬಾಗಿಲು ಈಗ ಸರಿಯಾಗಿದೆಯಲ್ಲ ಎಂದು ಇವನು ಮೆಲ್ಲಗೆ ಹೇಳಿ ನೋಡಿದ. ಸರಿಯಾಗಿದ್ದರೇನಂತೆ, ರಿಪೇರಿ ಆಗಿಯೇ ಆಗುತ್ತದೆ ಎಂದಳು.

"ಹಾಗಾದ್ರೆ ನಾನು ಯಾತಕ್ಕಿದೀನಿ, ಅಮ್ಮಾವ್ರೇ?"

ಈ ಪ್ರಶ್ನೆಯನ್ನು ಅವಳಿಗೆ ಈವರೆಗೆ ಯಾರೂ ಕೇಳಿರಲಿಲ್ಲ.

"ಇರೋದಕ್ಕೆ" ಎಂದಳು. "ನಿನ್ನ ಕೈ ಖಾಲಿ ಇದ್ರೇನೇ ಈ ಮನೆಗೆ ಮರ್ಯಾದೆ. ಇನ್ನೊಂದು ಸಲ ಕೈಯಲ್ಲಿ ಸ್ಕ್ರೂಡ್ರೈವರ್ ಕಂಡ್ರೆ ಅವತ್ತೇ ಕೊನೆ, ನೋಡು."

ಸಂಜೆ ಮನೆಗೆ ಹೋಗುವ ದಾರಿಯುದ್ದಕ್ಕೂ ಬಡಗಿಗೆ ಮೈಯೆಲ್ಲ ಉರಿಯುತ್ತಿತ್ತು. ಬೈಸಿಕೊಂಡಿದ್ದಕ್ಕಲ್ಲ. ಎಷ್ಟೋ ದಿನಗಳ ಮೇಲೆ ಅರ್ಧ ಗಂಟೆ ಕೈಗೆ ಕೆಲಸ ಸಿಕ್ಕಿತ್ತು, ಬಾಗಿಲು ಸದ್ದಿಲ್ಲದೆ ಸರಿದಾಗ ಎಂಥ ಖುಷಿಯಾಗಿತ್ತು, ಅದೇ ತಪ್ಪಾಗಿಹೋಯಿತಲ್ಲ ಎಂದು. ಅವನ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ಕಿಟಕಿ ಚೌಕಟ್ಟು ಮಾಡುವ ಸಣ್ಣ ಶೆಡ್ಡು ಇಟ್ಟಿದ್ದ. ಬಾರಯ್ಯ, ಬಂದು ಸೇರ್ಕೋ ಎಂದು ಕಂಡಾಗಲೆಲ್ಲ ಕರೆಯುತ್ತಿದ್ದ. ಸಂಬಳವೇನೂ ಕಮ್ಮಿಯಿಲ್ಲ. ಮನೆ ಹತ್ತಿರ ಬರುವಷ್ಟರಲ್ಲಿ ಬಡಗಿಯ ತೀರ್ಮಾನ ಆಗಿಹೋಗಿತ್ತು. ಎದೆ ಹಗುರವಾಗಿ ಸಿಳ್ಳೆ ಕೂಡ ಹಾಕಿದ.

ಅವರದು ಸಾಲುಮನೆ. ಅಂಗಳದ ನಡುವೆ ಎಲ್ಲರಿಗೂ ಸೇರಿ ಒಂದೇ ನಲ್ಲಿ. ಹೆಂಡತಿ ಸೊಂಟ ಹಿಡಿದುಕೊಂಡು ಕೊಡ ಎತ್ತುತ್ತಿದ್ದಳು. ಅವನು ಹೋಗಿ ಕೊಡಕ್ಕೆ ಕೈ ಹಾಕಿದ. ಅವಳು ಬಿಡಲಿಲ್ಲ.

"ನಾಳೆಯಿಂದ ಅಲ್ಲಿಗೆ ಹೋಗಲ್ಲ ಕಣೇ. ಷಡ್ಡಕನ ಶೆಡ್ಡಿಗೆ ಸೇರ್ಕೋತೀನಿ."

ಅವಳು ಕೊಡ ಕೆಳಗಿಟ್ಟಳು. ಸುತ್ತ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ಮೊನ್ನೆ ಅವರ ಮನೆಗೆ ಹೋಗಿದ್ದಾಗ ಅಕ್ಕ ಎದ್ದು ನಂಗೆ ಕುರ್ಚಿ ಕೊಟ್ಲು ಕಣ್ರೀ. ಹುಟ್ಟಿದಾಗಿನಿಂದ ಅವಳು ನಂಗೋಸ್ಕರ ಎದ್ದವಳಲ್ಲ. ನನ್ ತಂಗಿ ಗಂಡಂಗೆ ಕೆಲಸಾನೇ ಮಾಡೋ ಹಾಗಿಲ್ವಂತೆ, ಬರೀ ನಿಂತ್ಕೊಂಡ್ರೆ ಸಂಬಳ ಕೊಡ್ತಾರಂತೆ ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದಿದಾಳೆ. ಈಗ ನೀವು ಅವಳ ಗಂಡನ ಕೈಕೆಳಗೇ ಹೋಗ್ತೀರಾ?"

ಅವಳ ಕಣ್ಣು ತುಂಬಿಬಂತು. ಮದುವೆಯಾಗಿ ಬಂದಾಗಿನಿಂದ ಅವನ ಬಟ್ಟೆಯ ಮರದಪುಡಿ ಕೊಡವಿ ಕೊಡವಿಯೇ ಅವಳ ವಯಸ್ಸು ಕಳೆದಿತ್ತು. ಆಗ ಒಂದು ದಿನವೂ ಕಣ್ಣೀರು ಹಾಕಿದವಳಲ್ಲ. ಬಡಗಿಗೆ ಅವಳ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಕನಿಕರ ಬಂತು. ಆಯ್ತು, ಶೆಡ್ಡಿಗೆ ಹೋಗಲ್ಲ, ಸೊಂಟ ನೋಯ್ತಿದೆಯಲ್ಲ, ಕೊಡವನ್ನಾದರೂ ಕೊಡು ಎಂದ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋಗಿ, ಹಿಂದೊಮ್ಮೆ ಅವನೇ ಮಾಡಿದ್ದ ಕುರ್ಚಿಯನ್ನು ಎತ್ತಿ ತಂದು, ನಲ್ಲಿಗೆ ಎದುರಾಗಿ, ಎಲ್ಲರಿಗೂ ಕಾಣುವ ಹಾಗೆ ಹಾಕಿದಳು.

"ಇಲ್ಲಿ ಕೂತಿರಿ ಸುಮ್ನೆ. ನೀರು ನಾನು ತರ್ತೀನಿ. ಕೈಗವಸು ಜೇಬಲ್ಲಿದ್ರೆ ಹಾಕ್ಕೊಳ್ಳಿ."

ಅವನು ಹಾಕಿಕೊಂಡು ಕೂತ. ಅವಳು ಒಂದು ಕೊಡ ಸೊಂಟದ ಮೇಲೆ, ಇನ್ನೊಂದು ಕೈಯಲ್ಲಿ ಹಿಡಿದು, ಅವನ ಮುಂದೆಯೇ ಹಾದು ಒಳಗೆ ಹೋದಳು.

ಪಕ್ಕದ ಮನೆಯಾಕೆ ಇದನ್ನೆಲ್ಲ ನೋಡುತ್ತ ನಿಂತಿದ್ದಳು. ಅವಳ ಗಂಡ ಸೈಕಲ್ ರಿಪೇರಿಯವನು, ದಿನವೂ ಅವಳಿಗೆ ನೀರು ಹೊತ್ತು ಕೊಡುವವನು. ನಲ್ಲಿಯಿಂದ ಎರಡು ಬಕೆಟ್ಟು ತುಂಬಿಸಿಕೊಂಡು ಬರುತ್ತಿದ್ದ. ಅವಳು ಸರಸರನೆ ಹೋಗಿ ಬಾಗಿಲ ಮುಂದೆ ಒಂದು ಸ್ಟೂಲು ಹಾಕಿ, ಅವನ ಕೈಯಿಂದ ಬಕೆಟ್ಟು ಕಿತ್ತುಕೊಂಡಳು. ಅವನು ಯಾಕೆ ಎಂದು ಕೇಳುವಷ್ಟರಲ್ಲಿ ಅವಳು ಎರಡನ್ನೂ ಹೊತ್ತು ಹೊರಟಾಗಿತ್ತು.