ಒಳಗಿದ್ದ ದಿನಗಳು

“ತಾರೀಖು ನಾನು ಸರಿಯಾಗೇ ಹಾಕಿದ್ದೆ ಮೇಷ್ಟ್ರೇ,” ಎಂದಳು ಕಂಪ್ಯೂಟರಿಗೆ ವಿವರ ತುಂಬುವ ಗುಮಾಸ್ತೆ. ಬೆಳಿಗ್ಗೆಯಿಂದ ಇದು ನಾಲ್ಕನೇ ಸಲ.

ಜೈಲಿನ ದಾಖಲೆ ಕೋಣೆಯಲ್ಲಿ ಇದ್ದದ್ದು ಮೂವರೇ: ಅವಳು, ಬಾಗಿಲಲ್ಲಿ ಆಕಳಿಸುತ್ತಿದ್ದ ಕಾವಲುಗಾರ, ಕಂಪ್ಯೂಟರಿನ ಮುಂದೆ ಮೇಷ್ಟ್ರು. ಅವರು ಪಾಠ ಹೇಳಿದ್ದು ಯಾವ ಕಾಲಕ್ಕೋ. ಹೆಸರು ಮಾತ್ರ ಅಂಟಿಕೊಂಡಿತ್ತು. ಯಾರನ್ನು ಯಾವತ್ತು ಬಿಡಬೇಕೆಂದು ಪಟ್ಟಿ ಮಾಡುವ ಪ್ರೋಗ್ರಾಂ ಬರೆದವರು ಅವರೇ. ಎಂಟು ವರ್ಷದಲ್ಲಿ ಒಂದು ದಿನವೂ ರಜೆ ಹಾಕದ ಮನುಷ್ಯ ಎಂದು ಸೂಪರಿಂಟೆಂಡೆಂಟರು ಬಂದವರಿಗೆಲ್ಲ ಹೇಳಿ ನಗುತ್ತಿದ್ದರು.

ಇವತ್ತು ಬೆಳಿಗ್ಗೆ ಬಂದಾಗ ಸೂಪರಿಂಟೆಂಡೆಂಟರ ಮುಖದಲ್ಲಿ ನಗುವಿರಲಿಲ್ಲ. ಹೋದ ವಾರ ಇದೇ ಪಟ್ಟಿ ನೋಡಿ ಬಿಟ್ಟ ಒಬ್ಬ, ಮನೆ ಸೇರಿದ ಮೂರನೇ ದಿನ ಹೆಂಡತಿಯನ್ನು ಕೊಂದಿದ್ದ. ಅವನ ಶಿಕ್ಷೆ ಇನ್ನೂ ಹದಿನಾಲ್ಕು ತಿಂಗಳು ಬಾಕಿಯಿತ್ತು.

“ಈಯಮ್ಮನೇ ತಾರೀಖು ಎಡವಟ್ಟು ಮಾಡಿರ್ಬೇಕು,” ಎಂದು ಸೂಪರಿಂಟೆಂಡೆಂಟರು ಮೇಷ್ಟ್ರಿಗೆ ಹೇಳಿ ಹೋಗಿದ್ದರು. “ನೀವು ಹೂಂ ಅಂದ್ರೆ ಸಂಜೆ ವರದಿ ಬರೀತೀನಿ. ಶುಕ್ರವಾರ ಮನೆಗೆ ಹೋಗೋರು ನೀವು, ಜಾಸ್ತಿ ತಲೆ ಕೆಡಿಸ್ಕೋಬೇಡಿ.”

ಮೇಷ್ಟ್ರು ಕೋಡು ತೆರೆದರು. ಡೇಟಾಬೇಸನ್ನು ಪ್ರೋಗ್ರಾಮಿನ ಭಾಷೆಯಲ್ಲೇ ಪ್ರಶ್ನೆ ಕೇಳಲು ಅವರು ಓಆರ್‌ಎಂ ಎಂಬ ಸಿದ್ಧ ಸಾಫ್ಟ್‌ವೇರ್ ಬಳಸಿದ್ದರು. ಅದಕ್ಕೆ ವರ್ಷ, ತಿಂಗಳು, ದಿನ ಗೊತ್ತಿತ್ತು. ಶಿಕ್ಷೆಯ ಲೆಕ್ಕ ಗೊತ್ತಿರಲಿಲ್ಲ. ಹಾಗಾಗಿ ಆ ಲೆಕ್ಕ ಹಾಕುವ ಪುಟ್ಟದೊಂದು ಫಂಕ್ಷನ್ ತಾವೇ ಬರೆದು, ‘ಒಳಗಿದ್ದ ದಿನ’ ಎಂದು ಹೆಸರಿಟ್ಟು, ಓಆರ್‌ಎಂಗೆ ಸೇರಿಸಿದ್ದರು. ಆಮೇಲೆ ಪ್ರತಿ ಪ್ರಶ್ನೆಯಲ್ಲೂ ದಿನ ಎಣಿಸುತ್ತಿದ್ದದ್ದು ಅದೇ.

ಒಟ್ಟು ಹನ್ನೊಂದು ಸಾಲು. ಒಂಬತ್ತನೆಯದರಲ್ಲಿ ತಪ್ಪು ಸಿಕ್ಕಿತು. ಮೊದಲು ಬಂಧಿಸಿದ ದಿನದಿಂದ ಇವತ್ತಿನವರೆಗೆ ಫಂಕ್ಷನ್ ಒಂದೇ ಸಮನೆ ಎಣಿಸುತ್ತಿತ್ತು. ನಡುವೆ ಜಾಮೀನು ಸಿಕ್ಕಿ ಮನೆಯಲ್ಲಿದ್ದ ತಿಂಗಳುಗಳೂ ಜೈಲಿನ ಲೆಕ್ಕಕ್ಕೆ ಬಿದ್ದಿದ್ದವು. ಗುಮಾಸ್ತೆ ತುಂಬಿದ ತಾರೀಖುಗಳಲ್ಲಿ ಒಂದೂ ತಪ್ಪಿರಲಿಲ್ಲ. ಆ ಕೈದಿಯ ಹೆಂಡತಿ ಸತ್ತದ್ದು ತಮ್ಮಿಂದ ಎಂದು ಮೇಷ್ಟ್ರಿಗೆ ಖಚಿತವಾಯಿತು.

ಇದನ್ನು ಓದಿ ಅರ್ಥ ಮಾಡಿಕೊಳ್ಳುವವರು ಆ ಕಟ್ಟಡದಲ್ಲಿ ಇನ್ನೊಬ್ಬರಿರಲಿಲ್ಲ. ಬಾಯಿ ಮುಚ್ಚಿಕೊಂಡರೆ ಶುಕ್ರವಾರ ಮಗಳ ಮನೆ. ನಿನ್ನೆಯಷ್ಟೇ ಅವಳು ಫೋನಿನಲ್ಲಿ ಹೇಳಿದ್ದಳು: “ನಿಮ್ಮ ಕೋಣೆಗೆ ಸುಣ್ಣ ಹೊಡೆಸಿದೀನಿ ಅಪ್ಪಾ. ತಾತ ಕೆಲಸ ಮುಗಿಸಿ ಯಾವಾಗ ಬರ್ತಾರೆ ಅಂತ ಪುಟ್ಟಿ ದಿನಾ ಪ್ರಾಣ ತಿಂತಾಳೆ.”

“ನನ್ನ ಕೆಲಸ ಹೋದ್ರೆ ಮನೇಲಿ ದುಡಿಯೋರು ಇನ್ಯಾರೂ ಇಲ್ಲ,” ಎಂದಳು ಗುಮಾಸ್ತೆ, ಗೋಡೆ ನೋಡುತ್ತ.

ಹೇಳದೆ ಉಳಿಯುವ ಆಸೆ ಮೇಷ್ಟ್ರಿಗೆ ಇಲ್ಲದಿರಲಿಲ್ಲ. ಕೊನೆಗೆ ಜಾಮೀನಿನ ದಿನಗಳನ್ನು ಕಳೆಯುವಂತೆ ಆ ಸಾಲನ್ನು ತಿದ್ದಿ, ಪಟ್ಟಿಯನ್ನು ಹೊಸದಾಗಿ ತೆಗೆದರು. ಇನ್ನೂ ಒಳಗಿರುವವರಲ್ಲಿ ಆರು ಜನರ ಬಿಡುಗಡೆಯ ತಾರೀಖು ಮುಂದಕ್ಕೆ ಹೋಯಿತು.

“ತಪ್ಪು ನಿಮ್ಮದಲ್ಲಮ್ಮ, ನನ್ನದು. ಸಾಹೇಬರನ್ನ ಕರೀರಿ.”

ಸೂಪರಿಂಟೆಂಡೆಂಟರು ನಿಂತಲ್ಲೇ ಪಟ್ಟಿ ಓದಿದರು. ಐದನೆಯ ಸಾಲಿಗೆ ಬಂದು ಓದು ನಿಲ್ಲಿಸಿದರು.

“ಇನ್ನೊಂದ್ಸಲ ನೋಡಿ ಮೇಷ್ಟ್ರೇ.”

“ಎರಡು ಸಲ ನೋಡಿದೆ ಸಾರ್.”

ಐದನೆಯ ಸಾಲಿನಲ್ಲಿದ್ದದ್ದು ಮೇಷ್ಟ್ರ ಕೈದಿ ಸಂಖ್ಯೆ. ಅದರ ಮುಂದೆ, ಈ ಶುಕ್ರವಾರದ ಬದಲು, ಎರಡು ವರ್ಷ ಒಂದು ತಿಂಗಳು ಆಚೆಯ ತಾರೀಖು.